ಸ್ಯಾಲಿ ಬೌಲ್ಸ್ ಒಬ್ಬಳೇ ಅಲ್ಲ: ಇಶರ್‌ವುಡ್‌ನ ಬರ್ಲಿನ್ ಸಂಪುಟ

ಹಂಪನಕಟ್ಟೆಯ ಒಂದು ಪುಸ್ತಕದಂಗಡಿಯಲ್ಲಿ ಹೇಳಿ ತರಿಸಿಕೊಂಡ ಈ ಸಂಪುಟದಲ್ಲಿ ಇಂಗ್ಲಿಷ್ ಲೇಖಕ ಕ್ರಿಸ್ಟೋಫರ್ ಇಶರ್‌ವುಡ್‌ನ ಎರಡು ಕೃತಿಗಳು ಒಂದೇ ರಟ್ಟಿನೊಳಗಿವೆ: 1935ರ ‘ಮಿಸ್ಟರ್ ನಾರಿಸ್ ಚೇಂಜಸ್ ಟ್ರೇನ್ಸ್’ ಮತ್ತು 1939ರ ‘ಗುಡ್‌ಬೈ ಟು ಬರ್ಲಿನ್’. ಈ ಬರ್ಲಿನ್ ಕಥೆಗಳಿಂದ ಬೆಳೆದ ‘ಕ್ಯಾಬರೆ’ ಸಿನಿಮಾ ನೋಡಿ ಮೆಚ್ಚಿದವರೂ ಕಥೆ–ಕಾದಂಬರಿಗಳನ್ನು ರಂಗಕ್ಕೆ ತರುವ ಹಂಬಲವುಳ್ಳ ನಮ್ಮ ಮಂಗಳೂರು–ಉಡುಪಿಯ ಹವ್ಯಾಸಿ ತಂಡದವರೂ ಇದನ್ನು ಕೊಂಡು ಓದಬೇಕೆಂಬುದು ನನ್ನ ಅಭಿಪ್ರಾಯ. ಮೂಲದಲ್ಲಿ ಇದ್ದುದೆಷ್ಟು, ರಂಗಭೂಮಿ ಸೇರಿಸಿದ್ದೆಷ್ಟು ಎಂಬುದು ಇಷ್ಟು ನಿಚ್ಚಳವಾಗಿ ಕಾಣಿಸುವ ಉದಾಹರಣೆ ಅಪರೂಪ.

1929ರಲ್ಲಿ ಬರ್ಲಿನ್ನಿಗೆ ಹೋದ ಇಶರ್‌ವುಡ್, ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆಯುತ್ತ, ನೊಲೆನ್‌ಡಾರ್ಫ್ ಬೀದಿಯ 17ನೆಯ ನಂಬರಿನ ಮನೆಯಲ್ಲಿ ಬಾಡಿಗೆಗಿದ್ದು, ಹಿಟ್ಲರ್ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ, 1933ರ ಮೇಯಲ್ಲಿ, ಆ ನಗರವನ್ನು ಬಿಟ್ಟ. ಅಲ್ಲಿನ ಮನೆಯೊಡತಿಯೇ ಪುಸ್ತಕದ ಫ್ರಾಲೈನ್ ಶ್ರೋಡರ್. ಅದೇ ಮನೆಯಲ್ಲಿದ್ದ ಜೀನ್ ರಾಸ್ ಎಂಬ ತರುಣಿ ಪುಸ್ತಕದ ಕ್ಯಾಬರೆ ಗಾಯಕಿ ಸ್ಯಾಲಿ ಬೌಲ್ಸ್ ಪಾತ್ರಕ್ಕೆ ಮೂಲ. ಮುಂದೆ ಸ್ಪೇನಿನ ಅಂತರ್ಯುದ್ಧವನ್ನು ವರದಿ ಮಾಡಿದ ಈ ಪತ್ರಕರ್ತೆಯನ್ನು ಲೋಕ ಸ್ಯಾಲಿಯ ಹೆಸರಿನಿಂದಲೇ ನೆನೆಯುವುದು ಅನ್ಯಾಯವೇ ಸರಿ.

1951ರಲ್ಲಿ ಜಾನ್ ವಾನ್ ಡ್ರೂಟನ್ ‘ಐ ಆಮ್ ಎ ಕ್ಯಾಮೆರಾ’ ನಾಟಕ ಬರೆದು ಸ್ಯಾಲಿಯನ್ನು ನಾಯಕಿಯಾಗಿಸಿದ. 1966ರ ಬ್ರಾಡ್‌ವೇ ಸಂಗೀತನಾಟಕ ‘ಕ್ಯಾಬರೆ’ ಇನ್ನೂ ಮುಂದೆ ಹೋಗಿ, ಬಣ್ಣ ಬಳಿದುಕೊಂಡು ಅಣಕಿಸುವ ಕ್ಯಾಬರೆ ಕಾರ್ಯಕ್ರಮದ ನಿರೂಪಕನನ್ನೂ ಮನೆಯೊಡತಿಯನ್ನು ಮದುವೆಯಾಗಬಯಸುವ ಯಹೂದಿ ಹಣ್ಣಿನ ವ್ಯಾಪಾರಿಯನ್ನೂ ಸೃಷ್ಟಿಸಿತು. ಈ ಇಬ್ಬರೂ ಪುಸ್ತಕದಲ್ಲಿ ಇಲ್ಲವೇ ಇಲ್ಲ. ತಾಳಮದ್ದಳೆಯಲ್ಲಿ ಸಮರ್ಥ ಅರ್ಥಧಾರಿ ನಾಲ್ಕು ಸಾಲಿನ ಪದ್ಯವನ್ನು ಹಿಡಿದು ಅರ್ಧ ಗಂಟೆ ಬೆಳೆಸುವುದನ್ನು ಕೇಳಿದ ನಮಗೆ ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಕಾಣದು.

ಆದರೆ ಬೆಳೆಸುವಾಗ ಬಿಟ್ಟುಹೋದದ್ದೇ ನನಗೆ ಹೆಚ್ಚು ಪ್ರಿಯವಾಯಿತು. ‘ಗುಡ್‌ಬೈ ಟು ಬರ್ಲಿನ್’ನ ಆರು ಭಾಗಗಳಲ್ಲಿ ಸ್ಯಾಲಿಗೆ ಮೀಸಲಾದದ್ದು ಒಂದೇ. ಬಡ ನೊವಾಕ್ ಕುಟುಂಬದ ಇಕ್ಕಟ್ಟಿನ ಮನೆ, ಕ್ಷಯದಿಂದ ನರಳುವ ಆ ಮನೆಯ ತಾಯಿ, ದೊಡ್ಡ ಮಳಿಗೆಯ ಒಡೆತನದ ಲಾಂಡೌವರ್ ಮನೆತನ, ಆ ಮನೆತನದ ಬರ್ನ್‌ಹಾರ್ಡ್‌ನ ಸಾವಿನ ಸುದ್ದಿ ಪ್ರಾಗ್‌ನ ಹೋಟೆಲೊಂದರಲ್ಲಿ ಅಪರಿಚಿತರ ಹರಟೆಯ ನಡುವೆ ಕಥೆ ಹೇಳುವವನ ಕಿವಿಗೆ ಬೀಳುವುದು, ಇವೆಲ್ಲ ಪುಸ್ತಕದಲ್ಲಿಯೇ ಓದಬೇಕಾದವು. ಕೊನೆಯ ದಿನಚರಿಯಲ್ಲಿ ಫ್ರಾಲೈನ್ ಶ್ರೋಡರ್ ಕಟ್ಟಡ ಕಾಯುವವನ ಹೆಂಡತಿಯೊಡನೆ ‘ಫ್ಯೂರರ್’ (ನಾಯಕ, ಅಂದರೆ ಹಿಟ್ಲರ್) ಬಗ್ಗೆ ಭಕ್ತಿಯಿಂದ ಮಾತಾಡುತ್ತಿರುತ್ತಾಳೆ. ಹಿಂದಿನ ನವೆಂಬರಿನ ಚುನಾವಣೆಯಲ್ಲಿ ಕಮ್ಯುನಿಸ್ಟರಿಗೆ ಮತ ಹಾಕಿದ್ದವಳು ಆಕೆಯೇ. ಅದನ್ನು ಯಾರಾದರೂ ನೆನಪಿಸಿದರೆ ಮನಃಪೂರ್ವಕವಾಗಿಯೇ ಅಲ್ಲಗಳೆದಾಳು. ಸಂಗೀತನಾಟಕದಲ್ಲಿ ಇದೇ ಮನೆಯೊಡತಿ ಮದುವೆಯ ಮಾತು ಮುರಿದು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಹಾಡಿನಲ್ಲಿ ಕೇಳುತ್ತಾಳೆ. ಅದು ಮನ ಕಲಕುವ ಸನ್ನಿವೇಶ ಹೌದು. ಆದರೂ ಯಾವ ಸಂಕಟವೂ ಇಲ್ಲದೆ ಹೊಸ ಗಾಳಿಗೆ ಹೊಂದಿಕೊಂಡುಬಿಡುವ ಪುಸ್ತಕದ ಮುದುಕಿ ಹೆಚ್ಚು ನಿಜವೆನಿಸುತ್ತಾಳೆ, ಹೆಚ್ಚು ಭಯವನ್ನೂ ಹುಟ್ಟಿಸುತ್ತಾಳೆ.

ನಾರಿಸ್‌ನ ಕಾದಂಬರಿ ವಿನೋದವಾಗಿ ಓದಿಸಿಕೊಳ್ಳುತ್ತದೆಯಾದರೂ ಈ ತೂಕ ಅದಕ್ಕಿಲ್ಲ.

ಪ್ರತಿಯ ಬಗ್ಗೆ ಎರಡು ತಕರಾರುಗಳಿವೆ. ಅಕ್ಷರ ಸಣ್ಣದು, ಬೆನ್ನು ಬಿಗಿಯಾದ್ದರಿಂದ ಪುಟ ಪೂರ್ತಿ ತೆರೆಯುವುದಿಲ್ಲ; ಜರ್ಮನ್ ಪದಗಳಿಗಾಗಲಿ ಅಂದಿನ ಪಕ್ಷಗಳಿಗಾಗಲಿ ಟಿಪ್ಪಣಿಯೇ ಇಲ್ಲ. ಅಂಗಡಿಯವರ ಬಗ್ಗೆ ದೂರಿಲ್ಲ. ಪುಸ್ತಕ ಬಂದೊಡನೆ ಫೋನ್ ಮಾಡಿ ತಿಳಿಸಿದರು, ಸಾಗಣೆಯೆಂದು ಹೆಚ್ಚುವರಿ ಹಣ ಕೇಳಲಿಲ್ಲ. ನಾಟಕಗಳ ಪಠ್ಯ ಇದರಲ್ಲಿ ಸೇರಿಲ್ಲವಾದ್ದರಿಂದ ಅದನ್ನು ಬೇರೆಯಾಗಿ ತರಿಸಬೇಕು. ಮೂಲದಿಂದಲೇ ಕನ್ನಡ ರಂಗರೂಪ ಮಾಡಬಯಸುವವರು ಮೊದಲು ಅನುಮತಿ ಪಡೆಯುವುದು ಒಳ್ಳೆಯದು: ಇಶರ್‌ವುಡ್ ತೀರಿಕೊಂಡದ್ದು 1986ರಲ್ಲಿ, ಲೇಖಕನ ಮರಣಾನಂತರ 60 ವರ್ಷಗಳೆಂಬ ನಮ್ಮ ದೇಶದ ನಿಯಮದಂತೆ ಹಕ್ಕುಸ್ವಾಮ್ಯ 2046ರ ಕೊನೆಯವರೆಗೂ ಇರುತ್ತದೆ.