ಮಲೆನಾಡಿನ ಹೋಮ್‌ಸ್ಟೇ ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ

ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ತೋಟದ ಮನೆಗಳಲ್ಲಿ ನಡೆಯುವ ಹೋಮ್‌ಸ್ಟೇಗಳ ಬಗ್ಗೆ ಜನ ಬರೆದದ್ದನ್ನು ಓದಿ ನೋಡಿ. ಒಂದೇ ಮನೆಗೆ ಒಬ್ಬರು ಐದು ಸ್ಟಾರ್ ಕೊಟ್ಟಿರುತ್ತಾರೆ, ಮುಂದಿನ ವಾರ ಬಂದವರು ಒಂದೇ ಸ್ಟಾರ್ ಕೊಟ್ಟು ಬೈದು ಹೋಗಿರುತ್ತಾರೆ. ಮನೆ ಅದೇ, ಅಡುಗೆ ಮಾಡಿದವರು ಅವರೇ, ಮಳೆಯೂ ಅದೇ. ಬಂದವರು ಯಾತಕ್ಕೆ ಮನೆ ಬಿಟ್ಟು ಹೊರಟಿದ್ದರು ಅನ್ನುವುದಷ್ಟೇ ಬೇರೆ. ಹಾಗಾಗಿ ಕೋಣೆ ಹೇಗಿದೆ, ಊಟ ಹೇಗಿದೆ ಎಂದಷ್ಟೇ ಹೇಳಿದರೆ ಈ ಸೇವೆಯ ವಿಮರ್ಶೆ ಪೂರ್ತಿಯಾಗುವುದಿಲ್ಲ.

ಜನ ಯಾಕೆ ಪ್ರವಾಸ ಹೋಗುತ್ತಾರೆ ಎಂದು 1979ರಲ್ಲಿ ಜಾನ್ ಕ್ರಾಂಪ್ಟನ್ ಎಂಬ ಸಂಶೋಧಕರು ಪ್ರವಾಸಿಗರನ್ನೇ ಮಾತಾಡಿಸಿ ಒಂಬತ್ತು ಕಾರಣ ಗುರುತಿಸಿದ್ದರು. ದಿನದ ಜಂಜಾಟದಿಂದ ಬಿಡುಗಡೆ, ತನ್ನನ್ನು ತಾನು ನೋಡಿಕೊಳ್ಳುವುದು, ವಿಶ್ರಾಂತಿ, ಪ್ರತಿಷ್ಠೆ, ಮಕ್ಕಳಂತೆ ಹಗುರಾಗಿ ಇರುವುದು, ಮನೆಯವರ ನಡುವಿನ ನಂಟು, ಹೊಸಬರ ಒಡನಾಟ ಈ ಏಳು ಒಳಗಿನಿಂದ ದೂಡುವಂಥವು. ಹೊಸತನ್ನು ನೋಡುವ ಆಸೆ, ಕಲಿಯುವ ಆಸೆ ಎರಡೂ ಜಾಗದ ಸೆಳೆತಕ್ಕೆ ಸೇರಿದವು. ಸ್ವಿಟ್ಜರ್ಲೆಂಡಿಗೆ ವಿಮಾನ ಹತ್ತುವವರಿಗೂ ಸಕ್ರೆಬೈಲಿಗೆ ಆನೆ ನೋಡಲು ಬರುವವರಿಗೂ ಈ ಪಟ್ಟಿ ಸರಿಹೊಂದುತ್ತದೆ. ನಮ್ಮ ತೀರ್ಪು ಇಷ್ಟು: ಒಡನಾಟಕ್ಕೆ, ಕಲಿಯುವುದಕ್ಕೆ, ಮನೆಮಂದಿ ಒಟ್ಟಿಗೆ ಕೂರುವುದಕ್ಕೆ ಮಲೆನಾಡಿನ ಹೋಮ್‌ಸ್ಟೇಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ವಿಶ್ರಾಂತಿಗೆ ಪರವಾಗಿಲ್ಲ. ಪ್ರತಿಷ್ಠೆಗೆ, ಹೆಚ್ಚು ಜಾಗ ನೋಡಿ ಮುಗಿಸುವುದಕ್ಕೆ ಇದನ್ನು ಆರಿಸಲೇಬೇಡಿ.

ದರ ಹೆಚ್ಚಿನ ಕಡೆ ತಲೆಗೆ ಇಷ್ಟು ಎಂಬ ಲೆಕ್ಕ, ಕೋಣೆಗೆ ಇಷ್ಟು ಎಂದಲ್ಲ. ಸಾಮಾನ್ಯವಾಗಿ ದಿನಕ್ಕೆ 1,500ರಿಂದ 3,000 ರೂಪಾಯಿ. ಅದರಲ್ಲಿ ರಾತ್ರಿ ಊಟ, ಬೆಳಗಿನ ತಿಂಡಿ, ಎರಡು ಹೊತ್ತಿನ ಕಾಫಿ ಸೇರಿರುತ್ತದೆ. ಮಧ್ಯಾಹ್ನದ ಊಟ ಕೆಲವು ಕಡೆ ಸೇರಿರುತ್ತದೆ, ಕೆಲವು ಕಡೆ ಇಲ್ಲ. ಜಗಳ ಹುಟ್ಟುವುದು ಇಲ್ಲೇ. ಮಕ್ಕಳಿಗೆ ಅರ್ಧ ದರ ಯಾವ ವಯಸ್ಸಿನವರೆಗೆ, ಜೀಪು ಬೇಕಾದರೆ ಅದರ ಬಾಡಿಗೆ ಬೇರೆಯೇ ಎಂಬುದನ್ನೂ ಮೊದಲೇ ಬಾಯಿಬಿಟ್ಟು ಕೇಳಿ.

ಹೋಮ್‌ಸ್ಟೇ ಎಂದ ಮೇಲೆ ಮನೆಯವರು ಅಲ್ಲೇ ವಾಸ ಇರಬೇಕು. ಪ್ರವಾಸೋದ್ಯಮ ಇಲಾಖೆಯ ನೋಂದಣಿಯ ಹಿಂದಿರುವ ಉದ್ದೇಶವೇ ಅದು. ಈಗ ತೋಟ ಖರೀದಿಸಿ, ನಾಲ್ಕು ಕಾಟೇಜ್ ಕಟ್ಟಿ, ಒಬ್ಬ ಮ್ಯಾನೇಜರನ್ನು ಕೂರಿಸಿ ಅದಕ್ಕೂ ಹೋಮ್‌ಸ್ಟೇ ಬೋರ್ಡು ಹಾಕುವುದು ಹೆಚ್ಚುತ್ತಿದೆ. ಅಲ್ಲಿ ಈಜುಕೊಳ ಸಿಗುತ್ತದೆ, ಮಳೆಯಲ್ಲಿ ಕುಣಿಯುವ ವ್ಯವಸ್ಥೆಯೂ ಇರುತ್ತದೆ. ಗೆಳೆಯರ ದಂಡು ಕಟ್ಟಿಕೊಂಡು ಹಗುರಾಗಲು ಬರುವವರಿಗೆ ಅದೇ ಸರಿ. ಮಲೆನಾಡಿನವರು ಹೇಗೆ ಬದುಕುತ್ತಾರೆ ಎಂದು ನೋಡಬೇಕು ಅನ್ನುವವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ಫೋನು ಮಾಡಿದಾಗ "ಅಡುಗೆ ಯಾರು ಮಾಡುತ್ತಾರೆ?" ಎಂದು ಕೇಳಿ. "ಮನೆಯಲ್ಲೇ, ಅಮ್ಮ ಮಾಡ್ತಾರೆ" ಎಂಬ ಉತ್ತರ ಬಂದರೆ ಅದು ನಿಜವಾದ ಹೋಮ್‌ಸ್ಟೇ. "ಕುಕ್ ಇದ್ದಾನೆ ಸರ್" ಎಂದರೆ ರೆಸಾರ್ಟ್ ಎಂದೇ ತಿಳಿದು ಬುಕ್ ಮಾಡಿ.

ಹಳೆಯ ಮನೆಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ಬಚ್ಚಲು. ಗೋಡೆಯೊಳಗೆ ಹುದುಗಿಸಿದ ತಾಮ್ರದ ಹಂಡೆ, ಹೊರಗಡೆಯಿಂದ ಉರಿ ಹಾಕುವ ಒಲೆ, ಉರಿಗೆ ಒಣಗಿದ ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಮಟ್ಟೆ. ಬೆಳಿಗ್ಗೆ ಒಮ್ಮೆ ಉರಿ ಹಾಕಿದರೆ ನೀರು ಬಹಳ ಹೊತ್ತು ಬಿಸಿ ಇರುತ್ತದೆ. ಹಂಡೆಯ ನೀರು ಕುದಿಯುವಷ್ಟು ಬಿಸಿ. ಮೊದಲು ಬಕೆಟ್ಟಿಗೆ ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ತೋಡಿ, ಮಕ್ಕಳನ್ನು ಒಬ್ಬರನ್ನೇ ಬಿಡಬೇಡಿ. ಗೀಸರ್ ಇರುವ ಹೊಸ ಕೋಣೆ ಬೇಕು ಎಂದು ಹಟ ಹಿಡಿಯುವವರು ಒಂದು ವಿಷಯ ತಿಳಿದಿರಲಿ: ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ಕರೆಂಟು ಒಂದೆರಡು ದಿನ ಬರದೆಯೂ ಇರಬಹುದು. ಮನೆಯ ಇನ್ವರ್ಟರ್ ದೀಪ, ಫ್ಯಾನು, ಮೊಬೈಲ್ ಚಾರ್ಜಿಗೆ ಸಾಲುತ್ತದೆ, ಗೀಸರಿಗೆ ಸಾಲುವುದಿಲ್ಲ. ಆಗ ಎಲ್ಲರೂ ಬರುವುದು ಹಂಡೆಯ ಹತ್ತಿರವೇ.

ಊಟಕ್ಕೋಸ್ಕರ ಊರೂರು ಸುತ್ತುವವರಿಗೆ ಇಲ್ಲಿ ಯಾವ ಹಿಂಜರಿಕೆಯೂ ಇಲ್ಲದೆ ಪೂರ್ಣ ಅಂಕ ಕೊಡಬಹುದು, ಋತು ನೋಡಿಕೊಂಡು ಬಂದರೆ. ಕಳಲೆ ಮಳೆ ಶುರುವಾದ ಮೇಲೆ ಸಿಗುವಂಥದ್ದು. ಎಳೆ ಬಿದಿರಿನಲ್ಲಿ ವಿಷದ ಅಂಶ ಇರುವುದರಿಂದ ಹೆಚ್ಚಿ ನೀರಿನಲ್ಲಿ ಹಾಕಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ಇಟ್ಟು ಆಮೇಲೆ ಬೇಯಿಸಬೇಕು. ಬಂದ ಸಂಜೆಯೇ ಕಳಲೆ ಪಲ್ಯ ಕೇಳಿದರೆ ಮನೆಯವರು ಏನೂ ಮಾಡುವಂತಿಲ್ಲ. ಬುಕ್ ಮಾಡುವಾಗಲೇ ಹೇಳಬೇಕು. ಪತ್ರೊಡೆಯೂ ಮಳೆಗಾಲದ್ದೇ. ಕೆಸುವಿನ ಎಲೆಗೆ ಹುಣಸೆಹುಳಿ ಸಾಕಷ್ಟು ಬೀಳದಿದ್ದರೆ, ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ. ಹಾಗೆ ತುರಿಸಿದರೆ ಗಾಬರಿ ಬೇಡ, ಮಜ್ಜಿಗೆ ಕುಡಿಯಿರಿ. ಅಪ್ಪೆಮಿಡಿ ಉಪ್ಪಿನಕಾಯಿ ವರ್ಷವಿಡೀ ಇರುತ್ತದೆ. ಒಂದೆಲಗದ ತಂಬುಳಿಯನ್ನು ಅನ್ನಕ್ಕೆ ಕಲಸಿಕೊಂಡು ಮೊದಲಿಗೇ ಉಣ್ಣಿ, ಸಾರು ಹುಳಿ ಆಮೇಲೆ. ಮಾಂಸಾಹಾರ ಬೇಕಾದವರು ಮನೆ ಯಾವುದೆಂದು ಕೇಳಿಯೇ ಆರಿಸಿಕೊಳ್ಳಬೇಕು. ಕಡುಬು ಕೋಳಿಸಾರು ಮಾಡುವ ಮನೆಗಳು ತೀರ್ಥಹಳ್ಳಿ ಸುತ್ತ ಬೇಕಾದಷ್ಟಿವೆ, ಸಸ್ಯಾಹಾರದ ಮನೆಗೆ ಹೊರಗಿನಿಂದ ಪಾರ್ಸೆಲ್ ತರುವುದು ತಪ್ಪು. ಮದ್ಯದ ವಿಷಯವೂ ಹಾಗೆಯೇ.

ಕಲಿಯುವ ಆಸೆಯಿಂದ ಬರುವವರಿಗೆ ನವೆಂಬರ್‌ನಿಂದ ಫೆಬ್ರವರಿವರೆಗಿನ ಅಡಿಕೆ ಸುಗ್ಗಿಯೇ ಸರಿಯಾದ ಕಾಲ. ಬೆಳಿಗ್ಗೆ ಕೊನೆಗಾರ ಮರ ಹತ್ತಿ ಗೊನೆ ಇಳಿಸುತ್ತಾನೆ, ಸಂಜೆಯಿಂದ ರಾತ್ರಿವರೆಗೆ ಸುಲಿಯುವುದು, ಆಮೇಲೆ ದೊಡ್ಡ ಹಂಡೆಯಲ್ಲಿ ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ಬಣ್ಣದ ರಸ) ಸೇರಿಸಿ ಬೇಯಿಸಿ ಅಟ್ಟದ ಮೇಲೆ ಹರವುವುದು. ಬಲಿತದ್ದು ಯಾವುದು, ಎಳೆಯದು ಯಾವುದು ಎಂಬುದರ ಮೇಲೆ ರಾಶಿ, ಬೆಟ್ಟೆ, ಸರಕು ಎಂದು ಬೇರೆಯಾಗುತ್ತದೆ, ಬೆಲೆಯೂ ಬದಲಾಗುತ್ತದೆ. ಸುಲಿಯುವ ಮಣೆಯ ಮುಂದೆ ಕೂತವರ ಪಕ್ಕ ಹೋಗಿ ಕೂತರೆ ಎರಡು ಗಂಟೆಯಲ್ಲಿ ಇಡೀ ಊರಿನ ಅರ್ಥವ್ಯವಸ್ಥೆ ತಿಳಿಯುತ್ತದೆ. ಅದೇ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಒಂದಿಷ್ಟು ಬಿಡುವು ಕೊಟ್ಟ ದಿನ ಮನೆಯ ಯಜಮಾನರು ಅತಿಥಿಗಳಿಗೆ ಸಿಗುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯಲು ಅವರಿಗೆ ಆ ಬಿಸಿಲೇ ಬೇಕು. ಆ ಹೊತ್ತಿಗೆ "ನಮ್ಮನ್ನು ಫಾಲ್ಸ್‌ಗೆ ಕರೆದುಕೊಂಡು ಹೋಗಲಿಲ್ಲ" ಎಂದು ಒಂದು ಸ್ಟಾರ್ ಕೊಡುವುದು ಅನ್ಯಾಯ.

ಮಳೆ ನೋಡಲಿಕ್ಕೆಂದೇ ಬರುವವರ ಸಂಖ್ಯೆ ಈಗ ದೊಡ್ಡದು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆ ತಿಂಗಳುಗಳಲ್ಲಿ ಸೂರ್ಯಾಸ್ತ ನೋಡುವ ಆಸೆ ಇಟ್ಟುಕೊಳ್ಳಬೇಡಿ, ಅದಕ್ಕೆ ನವೆಂಬರ್ ನಂತರ ಬನ್ನಿ. ಜೋಗಕ್ಕೂ ಇದೇ ಮಾತು ಬೇರೆ ರೀತಿಯಲ್ಲಿ ಅನ್ವಯಿಸುತ್ತದೆ. ಮೇಲೆ 1964ರಲ್ಲಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಇರುವುದರಿಂದ ನೀರು ಕಾಣಬೇಕಾದರೆ ಜುಲೈಯಿಂದ ಸೆಪ್ಟೆಂಬರ್ ಒಳಗೆ ಹೋಗಬೇಕು. ಮಂಜು ಕವಿದಿದ್ದರೆ ಹಿಂದಿರುಗಬೇಡಿ, ಅರ್ಧ ಗಂಟೆ ಕಾಯಿರಿ. ಗಾಳಿ ಬೀಸಿದಾಗ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಮ್ಮೆಲೇ ತೆರೆದುಕೊಳ್ಳುತ್ತವೆ.

ಮಳೆಗಾಲದ ಅತಿಥಿಗಳಿಗೆ ಆಗುವ ಅಪಘಾತದಲ್ಲಿ ಹೆಚ್ಚಿನದು ಜಾರಿ ಬೀಳುವುದು. ಅಂಗಳದ ಜಂಬಿಟ್ಟಿಗೆ ಕಲ್ಲಿಗೆ ಪಾಚಿ ಹಿಡಿದಿರುತ್ತದೆ, ತೋಟದ ಹಳ್ಳಕ್ಕೆ ಅಡ್ಡ ಹಾಕಿದ ಅಡಿಕೆ ಮರದ ಸಂಕ ಇನ್ನೂ ಜಾರುತ್ತದೆ. ಮನೆಯವರು ಅಂಗಳಕ್ಕೆ ಸೋಗೆ ಹಾಸಿರುವ ದಾರಿಯಲ್ಲೇ ನಡೆಯಿರಿ. ತಳ ಸವೆದ ಹವಾಯಿ ಚಪ್ಪಲಿ ಬೇಡ. ಬಟ್ಟೆ ಒಣಗುವುದಿಲ್ಲ, ಜೀನ್ಸ್ ಅಂತೂ ಮೂರು ದಿನವಾದರೂ ಹಸಿ. ತೆಳು ಬಟ್ಟೆ ಒಂದು ಜೊತೆ ಹೆಚ್ಚೇ ಇರಲಿ.

ಉಂಬಳಕ್ಕೆ (ಜಿಗಣೆಗೆ) ಹೆದರಿ ಕೋಣೆಯಲ್ಲೇ ಕೂರುವವರಿದ್ದಾರೆ. ಅದು ಕಚ್ಚಿದ ಕಡೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಬಿಡುತ್ತದೆ, ಹಾಗಾಗಿ ಬಿಟ್ಟು ಬಿದ್ದ ಮೇಲೂ ರಕ್ತ ಒಸರುತ್ತದೆ. ಕಿತ್ತೆಳೆಯಬೇಡಿ, ಉಪ್ಪು ಅಥವಾ ಸುಣ್ಣ ತಾಗಿಸಿದರೆ ತಾನೇ ಬೀಳುತ್ತದೆ. ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿದರೆ ಸಾಕು. ತೋಟಕ್ಕೆ ಇಳಿಯುವ ಮುಂಚೆ ಕಾಲುಚೀಲದೊಳಗೆ ಪ್ಯಾಂಟು ಸೇರಿಸಿ, ಮೇಲೆ ಹೊಗೆಸೊಪ್ಪಿನ ನೀರು ಸವರಿಕೊಳ್ಳಿ.

ನಿಜವಾಗಿ ಎಚ್ಚರ ಬೇಕಾದದ್ದು ಉಣುಗಿನ (ಉಣ್ಣೆ ಹುಳದ) ಬಗ್ಗೆ, ಅದೂ ಎಲ್ಲರೂ ಸುರಕ್ಷಿತ ಎಂದುಕೊಳ್ಳುವ ಬೇಸಿಗೆಯಲ್ಲಿ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಕಾಡಿಗೆ ಹೋಗುವುದಿದ್ದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ, ತುಂಬುತೋಳಿನ ಅಂಗಿ ಹಾಕಿ, ತರಗೆಲೆಯ ಮೇಲೆ ಕೂರಬೇಡಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಬಟ್ಟೆ ಒಗೆಯಲು ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ಮನೆಯವರಿಗೆ ತಿಳಿಸಿ. ರೋಗ ಕಾಣಿಸಿಕೊಳ್ಳಲು ಮೂರರಿಂದ ಎಂಟು ದಿನ ಬೇಕು, ಅಷ್ಟರಲ್ಲಿ ನೀವು ಬೆಂಗಳೂರಿಗೋ ಮುಂಬೈಗೋ ಮರಳಿರುತ್ತೀರಿ. ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ತಪ್ಪದೆ ಹೇಳಿ. ಈ ಮಾತನ್ನು ಅತಿಥಿಗಳಿಗೆ ತಾವಾಗಿ ಹೇಳುವ ಹೋಮ್‌ಸ್ಟೇಗೆ ನಾವು ಒಂದು ಅಂಕ ಹೆಚ್ಚು ಕೊಡುತ್ತೇವೆ, ಎಲ್ಲರೂ ಹೇಳುವುದಿಲ್ಲ.

ಜಂಜಾಟದಿಂದ ತಪ್ಪಿಸಿಕೊಂಡು ಸುಮ್ಮನೆ ಕೂರಲು ಬರುವವರಿಗೆ ಶರಾವತಿ ಹಿನ್ನೀರಿನ ಆಚೆಯ ತುಮರಿ ಭಾಗ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ. ಮೊದಲು ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆಚೆ ದಡಕ್ಕೆ ದಾರಿ ಇರಲಿಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆದ ಮೇಲೆ ಆ ಚಿಂತೆ ಹೋಯಿತು. ಸಿಗಂದೂರಿಗೆ ಹೋಗುವ ವಾಹನಗಳು ಹೆಚ್ಚಿವೆ, ಹಾಗಾಗಿ ಮೌನ ಬೇಕಾದವರು ಮುಖ್ಯ ರಸ್ತೆಯಿಂದ ಒಳಗಿರುವ ಮನೆ ಹುಡುಕಿ, ಶನಿವಾರ ಭಾನುವಾರ ಬಿಟ್ಟು ಬನ್ನಿ. ಆಫೀಸ್ ಕೆಲಸವನ್ನೂ ಜೊತೆಗೆ ತರುವವರು ಬೇರೆ ಲೆಕ್ಕ ಹಾಕಬೇಕು. ಹಲವು ಹಳ್ಳಿಗಳಲ್ಲಿ ಒಂದೇ ಕಂಪನಿಯ ಸಿಗ್ನಲ್, ಅದೂ ಅಂಗಳದ ಒಂದು ಮೂಲೆಯಲ್ಲಿ. "ವೈಫೈ ಇದೆ" ಎಂದರೆ ಕರೆಂಟು ಹೋದಾಗಲೂ ಇರುತ್ತದೆಯೇ ಎಂದು ಕೇಳಿ.

ವಯಸ್ಸಾದ ತಂದೆತಾಯಿಯನ್ನು, ಮಕ್ಕಳನ್ನು ಒಟ್ಟಿಗೆ ಕರೆತರುವವರಿಗೆ ಈ ಮನೆಗಳು ಹೇಳಿಮಾಡಿಸಿದಂತಿವೆ. ಟಿವಿ ಇಲ್ಲದ ಜಗಲಿಯಲ್ಲಿ ಮೂರು ತಲೆಮಾರು ಒಟ್ಟಿಗೆ ಕೂರುತ್ತದೆ. ಆದರೆ ಹಳೆಯ ಮನೆಯ ಮೆತ್ತಿಯ (ಮಹಡಿಯ) ಕೋಣೆಗೆ ಹೋಗುವ ಮರದ ಏಣಿ ಕಡಿದು, ಪಾಯಿಖಾನೆ ಕೆಲವು ಕಡೆ ಹೊರಗೆ. ಮಂಡಿನೋವು ಇರುವವರಿಗೆ ಕೆಳಗಿನ ಕೋಣೆ, ಕಮೋಡ್, ರಾತ್ರಿ ದೀಪ ಈ ಮೂರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಎರಡು ದಿನದಲ್ಲಿ ಜೋಗ, ಸಿಗಂದೂರು, ಕೊಡಚಾದ್ರಿ, ಆಗುಂಬೆ, ಕುಪ್ಪಳಿ ಎಲ್ಲ ಮುಗಿಸಬೇಕು ಎನ್ನುವವರು ಶಿವಮೊಗ್ಗ ಅಥವಾ ಸಾಗರ ಪೇಟೆಯ ಲಾಡ್ಜ್‌ನಲ್ಲಿ ಉಳಿಯುವುದೇ ಸರಿ. ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಬಂದರೆ ಮನೆಯವರು ನಿಮಗಾಗಿ ಕಾದು ಕೂರಬೇಕಾಗುತ್ತದೆ, ಕೊಟ್ಟ ಹಣಕ್ಕೆ ನಿಮಗೂ ಏನೂ ಸಿಗುವುದಿಲ್ಲ. ಒಂದೇ ದಿಕ್ಕು ಹಿಡಿಯಿರಿ. ಸಾಗರದಲ್ಲಿ ಉಳಿದರೆ ಇಕ್ಕೇರಿ, ಕೆಳದಿ, ಹೆಗ್ಗೋಡು, ಜೋಗ. ತೀರ್ಥಹಳ್ಳಿಯಲ್ಲಿ ಉಳಿದರೆ ಕುಪ್ಪಳಿ, ಕವಲೇದುರ್ಗ, ಕುಂದಾದ್ರಿ, ಆಗುಂಬೆ. ಕೊಡಚಾದ್ರಿಗೆ ಬೇರೆಯೇ ಒಂದು ದಿನ ಬೇಕು. ಅಲ್ಲಿನ ಜೀಪು ದಾರಿ ಬೆನ್ನುನೋವಿನವರಿಗೆ ಬೇಡ, ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಆಗಿರಬೇಕು.

ಕಾರಿಲ್ಲದವರಿಗೆ ಮೈಸೂರು-ತಾಳಗುಪ್ಪ ರಾತ್ರಿ ರೈಲು ಅನುಕೂಲ. ಬೆಂಗಳೂರಲ್ಲಿ ಹತ್ತಿದರೆ ಬೆಳಿಗ್ಗೆ ಶಿವಮೊಗ್ಗ, ಆನಂದಪುರ, ಸಾಗರ ದಾಟಿ ತಾಳಗುಪ್ಪಕ್ಕೆ ತಲುಪುತ್ತದೆ. ತೀರ್ಥಹಳ್ಳಿ ಕಡೆಗೆ ರೈಲಿಲ್ಲ, ಶಿವಮೊಗ್ಗದಲ್ಲಿ ಇಳಿದು ಬಸ್ಸು ಹತ್ತಬೇಕು. ಕಾರಿನಲ್ಲಿ ಬರುವವರು ಕೊನೆಯ ಎರಡು ಮೂರು ಕಿಲೋಮೀಟರಿಗೆ ಮ್ಯಾಪ್ ನಂಬಬೇಡಿ. ಅದು ತೋಟದ ಮಣ್ಣುದಾರಿಯನ್ನೂ ರಸ್ತೆ ಎಂದು ತೋರಿಸುತ್ತದೆ, ಮಳೆಗಾಲದಲ್ಲಿ ಅಲ್ಲಿ ಚಕ್ರ ಹೂತರೆ ಟ್ರ್ಯಾಕ್ಟರೇ ಬರಬೇಕು. ಸಿಗ್ನಲ್ ಇರುವ ಊರಲ್ಲೇ ನಿಂತು ಮನೆಗೆ ಫೋನು ಮಾಡಿ ಗುರುತು ಕೇಳಿ: ಯಾವ ಬಸ್‌ಸ್ಟಾಪು, ಯಾವ ಅಂಗಡಿ, ಎಡಕ್ಕೋ ಬಲಕ್ಕೋ. ಕತ್ತಲಾಗುವ ಮುಂಚೆ ತಲುಪುವಂತೆ ಹೊರಡಿ.

ವಿದೇಶಿ ಗೆಳೆಯರನ್ನು ಕರೆತರುವುದಾದರೆ ಪಾಸ್‌ಪೋರ್ಟ್, ವೀಸಾ ಪ್ರತಿ ಕೈಯಲ್ಲಿರಲಿ. ಅವರು ಬಂದ 24 ಗಂಟೆಯೊಳಗೆ ಮನೆಯವರು ವಿದೇಶಿ ಅತಿಥಿಗಳ ವಿವರವನ್ನು ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ತುಂಬಿ ತಿಳಿಸಬೇಕು. ಸಿಗ್ನಲ್ ಇಲ್ಲದ ಮನೆಯಾದರೆ ಪ್ರತಿಗಳನ್ನು ಹಿಂದಿನ ದಿನವೇ ವಾಟ್ಸಾಪ್ ಮಾಡಿಬಿಡಿ. ಹಣವನ್ನು ನಗದಾಗಿಯೇ ತನ್ನಿ, ಮಳೆ ಜೋರಾದ ದಿನ ಯುಪಿಐ ನಡೆಯುವುದಿಲ್ಲ. ಎಟಿಎಂ ಇರುವುದು ತಾಲ್ಲೂಕು ಪೇಟೆಯಲ್ಲಿ. ಹೊರಡುವಾಗ ಅಪ್ಪೆಮಿಡಿ, ಜೇನುತುಪ್ಪ, ಹಲಸಿನ ಹಪ್ಪಳ ಬೇಕಾದರೆ ಮನೆಯವರನ್ನೇ ಕೇಳಿ. ಎಷ್ಟು ಎಂದು ನೀವೇ ವಿಚಾರಿಸಿ ಕೊಡಿ, ಅತಿಥಿಗಳ ಹತ್ತಿರ ಬೆಲೆ ಹೇಳಲು ಇಲ್ಲಿನ ಹೆಂಗಸರು ಸಂಕೋಚಪಡುತ್ತಾರೆ.