ಟೈಟಲ್ ಮೊದಲೋ, ಕಥೆ ಮೊದಲೋ?

ಚಿತ್ರವನ್ನು ಹೇಗೆ ಶುರುಮಾಡಲಿ ಎಂದು ಕೇಳಿದ್ದೀರಿ. ದಾರಿ ಮೂರಿವೆ: ಕಲಾವಿದರು, ತಂತ್ರಜ್ಞರ ಹೆಸರುಗಳಿಗೆಂದೇ ಬೇರೆ ಟೈಟಲ್ ಭಾಗ, ಓಡುವ ದೃಶ್ಯದ ಮೇಲೆ ಹೆಸರು, ಇಲ್ಲವೇ ನೇರ ಕಥೆಗಿಳಿದು ಹೆಸರುಗಳನ್ನೆಲ್ಲ ಕೊನೆಗೆ ಹಾಕುವುದು.

ಖರ್ಚು ನೋಡಿದರೆ ಮೂರನೆಯದೇ ಹಗುರ. ಬೇರೆ ಟೈಟಲ್ ಭಾಗಕ್ಕೆ ಡಿಸೈನು, ಸಂಗೀತ ಎಲ್ಲ ಬೇಕು. ಅರೆಬರೆ ಮಾಡಿದರೆ ನೋಡುವವರು ಫೋನ್ ತೆಗೆಯುತ್ತಾರೆ, ಅಷ್ಟೇ. ಆದರೆ ಮೂಡ್ ಕಟ್ಟುವುದರಲ್ಲಿ ಅದಕ್ಕೆ ಸಾಟಿಯಿಲ್ಲ. 1958ರ ‘ವರ್ಟಿಗೊ’ ಸಿನಿಮಾಗೆ ಡಿಸೈನರ್ ಸಾಲ್ ಬಾಸ್ ಮಾಡಿದ ಟೈಟಲ್ ನೋಡಿ. ಹೆಂಗಸೊಬ್ಬಳ ಮುಖ, ಆಮೇಲೆ ಕಣ್ಣು, ಅದರೊಳಗಿಂದ ತಿರುಗುತ್ತ ಬರುವ ಸುರುಳಿ. ಕಥೆಗೆ ಮೊದಲೇ ನಮಗೆ ತಲೆ ಸುತ್ತುತ್ತದೆ.

ಗಮನದ ವಿಷಯದಲ್ಲಿ ಎರಡನೆಯ ದಾರಿ ಸ್ವಲ್ಪ ಅಪಾಯ. ಓದುವುದೋ, ನೋಡುವುದೋ? ಅದೇ ವರ್ಷದ ‘ಟಚ್ ಆಫ್ ಈವಿಲ್’ ಕಾರಿಗೆ ಬಾಂಬ್ ಇಡುವುದರಿಂದ ಶುರುವಾಗುತ್ತದೆ. ಮೂರು ನಿಮಿಷಕ್ಕೂ ಜಾಸ್ತಿ, ಕಟ್ ಇಲ್ಲದ ಒಂದೇ ಶಾಟ್. ಸ್ಟುಡಿಯೊ ಅದರ ಮೇಲೆ ಹೆಸರುಗಳನ್ನು ಹಾಕಿತ್ತು. 1998ರ ಮರುಸಂಕಲನದಲ್ಲಿ ಅವನ್ನು ತೆಗೆದರು. ಈಗ ಕಣ್ಣು ಕಾರನ್ನು ಬಿಟ್ಟು ಅಲುಗುವುದಿಲ್ಲ. ಸುಮ್ನೆ ರೈಲು ಸಾಗುವ, ಯಾರೋ ನಡೆದು ಹೋಗುವ ದೃಶ್ಯವಾದರೆ ಹೆಸರು ಬಂದರೂ ತೊಂದರೆಯಿಲ್ಲ, ಚೆನ್ನಾಗೇ ಒಗ್ಗುತ್ತದೆ.

ಹತ್ತು ನಿಮಿಷದ ಕಿರುಚಿತ್ರ, ಮೊದಲ ದೃಶ್ಯವೂ ಗಟ್ಟಿ ಎಂದಾದರೆ ನೇರ ಕಥೆಗೆ ಹೋಗಿ. ಉದ್ದದ ಚಿತ್ರ, ಒಳ್ಳೆ ಡಿಸೈನರ್ ಕೈಗೆ ಸಿಕ್ಕಿದ್ದಾರೆ ಎಂದರೆ ಬೇರೆ ಟೈಟಲ್ ಮಾಡಿಸಿ. ಕಲಾವಿದರ ಜೊತೆ ಒಪ್ಪಂದ ಆಗಿದ್ದರೆ ಮೊದಲು ಅದನ್ನು ಓದಿ. ಹೆಸರು ಎಲ್ಲಿ ಬರಬೇಕು ಎಂಬುದು ಎಷ್ಟೋ ಸಲ ಅದರಲ್ಲೇ ಬರೆದಿರುತ್ತದೆ.