ಕಮಾಂಡ್ ಲೈನ್ ಕಲಿಕೆ: ವಿಡಿಯೊ, ಬ್ಯಾಂಡಿಟ್, ಮ್ಯಾನ್ ಪುಟ, ಶೆಲ್‌ಚೆಕ್

ಕಮಾಂಡ್ ಲೈನ್ (ಕಮಾಂಡ್‌ಗಳನ್ನು ಟೈಪ್ ಮಾಡಿ ಕಂಪ್ಯೂಟರ್ ನಡೆಸುವ ವಿಧಾನ; ಅವನ್ನು ಓದಿ ಓಡಿಸುವ ಪ್ರೋಗ್ರಾಮೇ ಶೆಲ್) ಮತ್ತು ಶೆಲ್ ಸ್ಕ್ರಿಪ್ಟಿಂಗ್ (ಅಂಥ ಕಮಾಂಡ್‌ಗಳನ್ನು ಫೈಲಿನಲ್ಲಿ ಬರೆದಿಟ್ಟು ಓಡಿಸುವುದು) ಹೊಸದಾಗಿ ಕಲಿಯುವಾಗ ನಾನು ಬಳಸಿ ನೋಡಿದ ಸಾಧನಗಳು ನಾಲ್ಕು: ವಿಡಿಯೊ ಪಾಠಗಳು, ಓವರ್‌ದವೈರ್ ತಾಣದ ಬ್ಯಾಂಡಿಟ್ ಆಟ, ಲಿನಕ್ಸ್ ಜೊತೆಗೇ ಬರುವ ಕೈಪಿಡಿಯಾದ ಮ್ಯಾನ್ ಪುಟಗಳು ಮತ್ತು ಸ್ಕ್ರಿಪ್ಟಿನ ದೋಷಗಳನ್ನು ಎತ್ತಿ ತೋರಿಸುವ ಶೆಲ್‌ಚೆಕ್. ಇವುಗಳನ್ನು ಅಳೆಯಲು ನಾನು ಹಿಡಿದ ಮಾನದಂಡ ಒಂದೇ: ಕೊಟ್ಟ ಕಮಾಂಡ್ ಕೆಲಸ ಮಾಡದಿದ್ದಾಗ ಅದಕ್ಕೆ ಕಾರಣವೇನೆಂದು ನಾವೇ ಹುಡುಕಿಕೊಳ್ಳುವಷ್ಟು ಶಕ್ತಿಯನ್ನು ಅದು ಕೊಡುತ್ತದೆಯೇ?

ಹಾಗೆ ನೋಡಿದರೆ ವಿಡಿಯೊಗಳಿಗೆ ಕೊನೆಯ ಸ್ಥಾನ. ಟರ್ಮಿನಲ್ ತೆರೆಯುವುದು ಹೇಗೆ, ಪ್ರಾಂಪ್ಟ್ ಎಂದರೇನು ಎಂಬಷ್ಟಕ್ಕೆ ಅವು ಸಾಕು. ಪಾಠದಲ್ಲಿ ಫೈಲುಗಳೆಲ್ಲ ಮೊದಲೇ ಸಿದ್ಧವಾಗಿರುತ್ತವೆ, ಕಮಾಂಡ್‌ಗಳು ಮೊದಲ ಸಲಕ್ಕೇ ಫಲ ಕೊಡುತ್ತವೆ. ನೋಡುವಾಗ ಎಲ್ಲವೂ ಅರ್ಥವಾದಂತೆ ಅನಿಸಿದರೂ ಖಾಲಿ ಪ್ರಾಂಪ್ಟ್ ಎದುರಿಗೆ ಬಂದಾಗ ಕೈ ಓಡುವುದಿಲ್ಲ.

ಬ್ಯಾಂಡಿಟ್‌ನಲ್ಲಿ ಪರಿಸ್ಥಿತಿ ತದ್ವಿರುದ್ಧ. ದೂರದ ಸರ್ವರ್ ಒಂದಕ್ಕೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರನ್ನು ಸುರಕ್ಷಿತವಾಗಿ ಸೇರುವ ಸಾಧನ) ಮೂಲಕ ಲಾಗಿನ್ ಆಗಿ, ಪ್ರತಿ ಹಂತದಲ್ಲೂ ಮುಂದಿನ ಹಂತದ ಪಾಸ್‌ವರ್ಡ್ ಹುಡುಕಬೇಕು. ವಿವರಣೆ ಕಡಿಮೆ, ಬೇಕಾಗಬಹುದಾದ ಕಮಾಂಡ್‌ಗಳ ಹೆಸರಷ್ಟೇ ಸುಳಿವು. ಆರಂಭದಲ್ಲೇ ಬರುವ ಒಂದು ಫೈಲಿನ ಹೆಸರು ಬರೀ ಒಂದು ಅಡ್ಡಗೆರೆ (-). ಅದನ್ನು ಓದಲೆಂದು, ಫೈಲಿನಲ್ಲಿರುವುದನ್ನು ತೋರಿಸುವ ಕ್ಯಾಟ್ ಕಮಾಂಡಿನ ಮುಂದೆ ಆ ಗೆರೆಯನ್ನು ಬರೆದು ಎಂಟರ್ ಒತ್ತಿದರೆ ಏನೂ ಆಗುವುದಿಲ್ಲ, ಕರ್ಸರ್ ಮಿನುಗುತ್ತ ಕುಳಿತಿರುತ್ತದೆ. ಅಡ್ಡಗೆರೆ ಎಂದರೆ ಕೀಬೋರ್ಡಿನಿಂದ ಬರುವ ಇನ್‌ಪುಟ್ ಎಂದು ಕ್ಯಾಟ್ ಭಾವಿಸುವುದೇ ಇದಕ್ಕೆ ಕಾರಣ; ./- ಎಂದು ದಾರಿಸಮೇತ ಬರೆದರೆ ಫೈಲು ತೆರೆದುಕೊಳ್ಳುತ್ತದೆ. ಇನ್ನೊಂದು ಹಂತದಲ್ಲಿ, ಒಂದೇ ಒಂದು ಸಲ ಬರುವ ಸಾಲನ್ನು ದೊಡ್ಡ ಫೈಲಿನಿಂದ ಹೆಕ್ಕಬೇಕು. ಮತ್ತೆ ಮತ್ತೆ ಬರುವ ಸಾಲುಗಳನ್ನು ಗುರುತಿಸುವ ಯೂನಿಕ್ (uniq) ಕಮಾಂಡ್ ಅಕ್ಕಪಕ್ಕದ ಸಾಲುಗಳನ್ನಷ್ಟೇ ಹೋಲಿಸುವುದರಿಂದ ಮೊದಲು ಸಾಲುಗಳನ್ನು ಸಾರ್ಟ್ ಮಾಡಿ (ಕ್ರಮವಾಗಿ ಜೋಡಿಸಿ), ಫಲಿತಾಂಶವನ್ನು ಪೈಪ್ ಮೂಲಕ, ಅಂದರೆ ಒಂದು ಕಮಾಂಡಿನ ಔಟ್‌ಪುಟ್ ಇನ್ನೊಂದಕ್ಕೆ ಇನ್‌ಪುಟ್ ಆಗುವಂತೆ, ಅದಕ್ಕೆ ದಾಟಿಸಬೇಕು. ಪೈಪ್ ಏಕೆ ಬೇಕೆಂಬುದು ಇಲ್ಲಿ ಮನದಟ್ಟಾಗುವಷ್ಟು ಚೆನ್ನಾಗಿ ಬೇರೆಲ್ಲೂ ಆಗಲಿಲ್ಲ. ಕೊರತೆಯೆಂದರೆ, ಸ್ಕ್ರಿಪ್ಟ್ ಬರೆಯುವ ಸಂದರ್ಭ ಇಪ್ಪತ್ತು ಹಂತ ದಾಟಿದ ಮೇಲೆಯೇ ಬರುತ್ತದೆ.

ಮ್ಯಾನ್ ಪುಟಗಳನ್ನು ಮೊದಲ ಪಾಠವಾಗಿ ಓದಲು ಹೊರಡುವುದು ವ್ಯರ್ಥ ಶ್ರಮ. ಮೊದಲ ಯುನಿಕ್ಸ್ ಕೈಪಿಡಿ ಹೊರಬಂದ 1971ರಿಂದಲೂ ಅವುಗಳ ಧಾಟಿ ಬಿಗಿಯಾದದ್ದು. ಗೊತ್ತಿದ್ದವರು ನೆನಪಿಸಿಕೊಳ್ಳಲೆಂದು ಬರೆದಂತಿರುತ್ತವೆ. ಆದರೆ ಕೈಯಲ್ಲಿ ಒಂದು ಪ್ರಶ್ನೆ ಹಿಡಿದು ಹೋದರೆ ಅವು ಬೇರೆಯೇ ಆಗಿ ಕಾಣುತ್ತವೆ. ಯೂನಿಕ್ ಬಗೆಗಿನ ಮೇಲಿನ ಎಚ್ಚರಿಕೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಅದರ ಗ್ನೂ ಆವೃತ್ತಿಯ ಮ್ಯಾನ್ ಪುಟದಲ್ಲೇ ಇದೆ. ಓರೆಗೆರೆ (/) ಒತ್ತಿ ಪದ ಹುಡುಕುವುದನ್ನು ರೂಢಿಸಿಕೊಂಡರೆ ಇಡೀ ಪುಟ ಓದಬೇಕಾಗಿಲ್ಲ. ಫೋಲ್ಡರ್ ಬದಲಿಸುವ ಸಿಡಿಯಂತಹ ಕಮಾಂಡ್‌ಗಳಿಗೆ ಮಾತ್ರ ‘ಮ್ಯಾನ್’ ಬದಲು ‘ಹೆಲ್ಪ್’ ಬಳಸಬೇಕು, ಏಕೆಂದರೆ ಅವು ಲಿನಕ್ಸ್‌ನಲ್ಲಿ ಸಾಮಾನ್ಯವಾದ ಶೆಲ್ ಆದ ಬ್ಯಾಶ್‌ನ ಒಳಗೇ ಇರುವಂಥವು. ಬೇರೆ ಪ್ರೋಗ್ರಾಮಾಗಿ ಓಡಿದರೆ ಸಿಡಿ ತನ್ನ ಫೋಲ್ಡರನ್ನು ಬದಲಿಸಿಕೊಂಡೀತೇ ಹೊರತು ನಮ್ಮ ಶೆಲ್ ಇದ್ದಲ್ಲೇ ಉಳಿಯುತ್ತದೆ.

ಸ್ಕ್ರಿಪ್ಟಿಂಗ್ ವಿಷಯಕ್ಕೆ ಬಂದರೆ ಶೆಲ್‌ಚೆಕ್‌ಗೆ ಸಾಟಿಯಿಲ್ಲ. ವೇರಿಯಬಲ್‌ನಲ್ಲಿರುವ ಫೈಲಿನ ಹೆಸರಿನಲ್ಲಿ ಖಾಲಿ ಜಾಗವಿದ್ದು, ಆ ವೇರಿಯಬಲ್ಲನ್ನು ಉದ್ಧರಣ ಚಿಹ್ನೆಯಿಲ್ಲದೆ, ಫೈಲು ಅಳಿಸುವ ಆರ್‌ಎಂ ಕಮಾಂಡಿಗೆ ಕೊಟ್ಟರೆ, ಬ್ಯಾಶ್ ಆ ಹೆಸರನ್ನು ಎರಡಾಗಿ ಒಡೆದು ಇನ್ನಾವುದೋ ಫೈಲನ್ನು ಅಳಿಸಬಹುದು. ಶೆಲ್‌ಚೆಕ್ ಆ ಸಾಲನ್ನೇ ತೋರಿಸಿ ಎಸ್‌ಸಿ2086 ಎಂಬ ಸಂಖ್ಯೆಯ ಎಚ್ಚರಿಕೆ ಕೊಡುತ್ತದೆ, ಆ ಸಂಖ್ಯೆಗೆ ಉದಾಹರಣೆಸಹಿತ ವಿವರಣೆಯ ಪುಟವೂ ಇದೆ. (ಇನ್ನೊಂದು ಶೆಲ್ ಆದ ಝಡ್‌ಶೆಲ್ ಹೀಗೆ ಒಡೆಯುವುದಿಲ್ಲ, 2019ರ ಕ್ಯಾಟಲಿನಾ ಆವೃತ್ತಿಯಿಂದೀಚೆಗೆ ಮ್ಯಾಕ್‌ನಲ್ಲಿ ಅದೇ ಮೂಲ ಶೆಲ್ ಆಗಿರುವುದರಿಂದ, ಅಲ್ಲಿ ಸರಿಹೋದದ್ದು ಬ್ಯಾಶ್‌ನಲ್ಲಿ ಕೆಡುವುದುಂಟು.) ಸಿಡಿ ವಿಫಲವಾದರೂ ಸ್ಕ್ರಿಪ್ಟ್ ಮುಂದುವರಿದು, ಅಳಿಸುವ ಸಾಲು ತಪ್ಪು ಫೋಲ್ಡರಿನಲ್ಲಿ ಓಡುವ ಅಪಾಯವನ್ನೂ ಅದು ಮೊದಲೇ ಹೇಳುತ್ತದೆ. ನಮ್ಮ ತರ್ಕವೇ ತಪ್ಪಾಗಿದ್ದರೆ ಮಾತ್ರ ಅದು ಸುಮ್ಮನಿರುತ್ತದೆ.

ಹೊಸಬರು ಕೇಳಿದರೆ ನನ್ನ ಸಲಹೆ ಹೀಗಿದೆ: ಇನ್ನೊಂದು ವಿಂಡೊದಲ್ಲಿ ಮ್ಯಾನ್ ಪುಟ ತೆರೆದಿಟ್ಟುಕೊಂಡು ಬ್ಯಾಂಡಿಟ್ ಆಡಿ, ಹತ್ತನೇ ಹಂತದ ಆಸುಪಾಸಿಗೆ ಬಂದೊಡನೆ, ಫೋಟೊಗಳಿಗೆ ತಾರೀಖಿನ ಹೆಸರಿಡುವಂತಹ ನಿಮ್ಮದೇ ಬೇಸರದ ಕೆಲಸವೊಂದನ್ನು ಸ್ಕ್ರಿಪ್ಟಾಗಿ ಬರೆದು ಶೆಲ್‌ಚೆಕ್‌ಗೆ ಒಪ್ಪಿಸಿ. ಆಟದ ಮುಂದಿನ ಹಂತಗಳು ನೆಟ್‌ವರ್ಕ್ ಮತ್ತು ಭದ್ರತೆಯ ಕಡೆಗೆ ಹೊರಳುವುದರಿಂದ, ಆ ಆಸಕ್ತಿಯಿಲ್ಲದವರು ಅವನ್ನು ಅರ್ಧಕ್ಕೇ ಬಿಟ್ಟರೂ ನಷ್ಟವಿಲ್ಲ.